ಕೋಣಗರುವಿನ ಪಾಲು

ಮುಂಬಯಿಯ ಬೊರಿವಲಿಯಲ್ಲಿ ಆಗ ಚಳಿಗಾಲದ ಬೆಳಗೆಂದರೆ ಮಂಜು. ಲೋಕಲ್ ರೈಲಿನ ಸದ್ದು ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ರೋಷನಬಿ ಹಾಲಿನ ಕ್ಯಾನು ಹೊತ್ತು ನಮ್ಮ ಚಾಳಿಗೆ ಬರುತ್ತಿದ್ದಳು. ವಿಜಾಪುರದ ಕಡೆಯ ವಿಧವೆ. ಇದ್ದದ್ದು ಒಂದೇ ಎಮ್ಮೆ. ಕ್ಯಾನಿನ ಮೇಲೆ ಮರಾಠಿಯಲ್ಲಿ ‘ಶುದ್ಧ ಎಮ್ಮೆ ಹಾಲು’ ಎಂದು ಬರೆಸಿದ್ದಳು. ಓದಲು ಬಾರದಿದ್ದರೂ ದಿನಾ ಆ ಅಕ್ಷರಗಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಹಾಲು ಕರೆಯಲು ಕೂತರೆ ಆಕೆಗೆ ಲೋಕವೇ ಇಲ್ಲ. ಎಮ್ಮೆಯ ಹೊಟ್ಟೆಗೆ ಹಣೆ ಒರಗಿಸಿ, ಅರೆನಿದ್ದೆಯಲ್ಲಿ ಏನೋ ಗುನುಗುತ್ತಿದ್ದಳು. ಎಮ್ಮೆಯೂ ಕಣ್ಣು ಮುಚ್ಚುತ್ತಿತ್ತು. ನೋಡುತ್ತ ನಿಂತವರಿಗೂ ಆಕಳಿಕೆ ಬರುತ್ತಿತ್ತು.

ಎಪ್ಪತ್ತೆರಡರಲ್ಲಿ ಇನ್‌ಸ್ಪೆಕ್ಟರೊಬ್ಬ ಆ ಹಾಲನ್ನು ಪರೀಕ್ಷೆಗೆ ಒಯ್ದ. ಕೊಬ್ಬು ಕಡಿಮೆ, ನೀರು ಬೆರೆಸಿದ್ದಾಳೆ ಎಂದು ವರದಿ ಬಂತು. ಕೇಸು ನಿಂತರೆ ಜೈಲು.

“ಜೈಲಿಗೆ ಹಾಕ್ಲಿ. ಕಳ್ಳಿ ಅಂದ್ರಲ್ರೀ ನನಗ!” ಎಂದು ಅತ್ತಳು. ನಿನ್ನೆಯವರೆಗೆ ಹೊಗಳಿ ಕುಡಿದ ಚಾಳಿನವರೇ ಮೂಗು ಮುರಿದರು. ನನಗೆ ಮೈ ಉರಿಯಿತು.

ಆ ವರ್ಷ ಫೋರ್ಟ್ ಭಾಗದ ಒಂದು ಸರಕಾರಿ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆದಿತ್ತು. ಕಲಬೆರಕೆ ಹಿಡಿಯಬೇಕಾದರೆ ಅಪ್ಪಟ ಹಾಲು ಹೇಗಿರುತ್ತದೆಂದು ಮೊದಲು ತಿಳಿಯಬೇಕಲ್ಲ? ಅದಕ್ಕೇ ಕಣ್ಣೆದುರು ಕರೆಸಿದ ಹಾಲನ್ನು ಸೀಸೆಗೆ ತುಂಬಿ ಒಯ್ಯುತ್ತಿದ್ದರು. ಆ ಕೆಲಸದಲ್ಲಿದ್ದ ಅಣವೀರಪ್ಪ ನಮ್ಮ ಚಾಳಿನವನೇ. ಅವನನ್ನು ನಾನೇ ರೋಷನಬಿಯ ಕೊಟ್ಟಿಗೆಗೆ ಎಳೆದುಕೊಂಡು ಹೋದೆ.

ಮೊದಲ ದಿನ ಅವನ ಕಣ್ಣೆದುರೇ ಕರೆದ ಕ್ಯಾನಿನ ಹಾಲು ಸೀಸೆಗೆ ಬಿದ್ದ ಕೂಡಲೇ ಅವನು ಲೋಕಲ್ ಹಿಡಿಯಲು ಓಡಿದ. ನೀರು ಹತ್ತಿರ ಸುಳಿಯದಿದ್ದರೂ ಪರೀಕ್ಷೆಯಲ್ಲಿ ಹಾಲು ತೆಳುವೆಂದೇ ಬಂತು. ತಲೆ ಕೆರೆದುಕೊಂಡು ಮತ್ತೊಮ್ಮೆ ಬಂದು ಕೊನೆಯವರೆಗೆ ನಿಂತ. ಕೆಚ್ಚಲಲ್ಲಿ ಇನ್ನೂ ಹಾಲಿರುವಾಗಲೇ ರೋಷನಬಿ ಎದ್ದು ಕೋಣಗರುವನ್ನು ಬಿಚ್ಚಿದಳು. ಕರೆಯುತ್ತ ಹೋದಂತೆ ಹಾಲು ಗಟ್ಟಿಯಾಗುತ್ತದೆ. ಆ ಗಟ್ಟಿ ಹಾಲೆಲ್ಲ ಕರುವಿನ ಪಾಲಾಗುತ್ತಿತ್ತು.

“ಪೂರಾ ಕರೀಬೇಕ್ರಿ ಬೀಬಿ. ಆವಾಗಷ್ಟ ಕಾನೂನಿಗೆ ಸರಿಹೋಗ್ತೈತಿ,” ಎಂದ ಅಣವೀರಪ್ಪ.

ಸಾಲುಸಾಲು ಎಮ್ಮೆ ಕಟ್ಟಿ ಹಾಲು ಮಾರುವ ತಬೇಲಾದವರು ಗಂಡುಕರುವಿಗೆ ಹಾಲು ಬಿಡುವುದಿಲ್ಲ. ಅದು ಸತ್ತರೆ ಅವರಿಗೇನೂ ನಷ್ಟವಿಲ್ಲ. ರೋಷನಬಿ ಕರುವಿನ ಬೆನ್ನು ಸವರಿದಳು.

“ಈ ಊರಿಗೆ ಬಂದಾಗ ಸೇಠಾಣಿ ಕೂಸಿಗೆ ಎದಿಹಾಲ ಕುಡಸೋ ಕೆಲಸಾ ಮಾಡ್ತಿದ್ನಿರಿ. ಉಳದ್ರ ನನ್ನ ಕೂಸಿಗೆ. ಉಳೀತಿದ್ದಿಲ್ಲ.”

ಆಕೆಗೊಂದು ಕೂಸಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಎರಡು ಮೊಲಿ ಪೂರಾ ಹಿಂಡ್ತೀನಿ. ಎರಡು ಮುಟ್ಟಂಗಿಲ್ಲ, ಅವು ಇದರವು. ನಡೀತೈತೇನ್ರಿ?”

“ನೋಡೂಣು ತಡೀರಿ,” ಎಂದು ಅಣವೀರಪ್ಪ ಹೊಸ ಸೀಸೆ ತೆಗೆದ.

ಆ ಹಾಲು ಪಾಸಾಯಿತು. ನೀರು ಬೆರೆಸದೆಯೂ ಹಾಲು ತೆಳುವಾಗಿತ್ತೆಂಬ ಅಣವೀರಪ್ಪನ ವರದಿ ನೋಡಿ ಕೇಸನ್ನೂ ಕೈಬಿಟ್ಟರು. ನಮ್ಮ ಮನೆಗಳಿಗೆ ಬರುವ ಹಾಲು ಕಡಿಮೆಯಾಯಿತು, ಆಕೆಯ ಗಳಿಕೆಯೂ ಇಳಿಯಿತು. ಚಾಳಿನವರು ಗೊಣಗಿದರು. ಗೊಣಗಲಿ.

ಒಂದು ಬೆಳಗ್ಗೆ ಹಾಲಿಗೆಂದು ನಾನೇ ಹೋದೆ. ಮಂಜಿನಲ್ಲಿ ಎಮ್ಮೆಯ ಈ ಮಗ್ಗುಲಲ್ಲಿ ರೋಷನಬಿ, ಆ ಮಗ್ಗುಲಲ್ಲಿ ಕರು. ಮೂವರ ಕಣ್ಣೂ ಮುಚ್ಚಿದ್ದವು. ಆಕೆ ಗುನುಗುತ್ತಿದ್ದದ್ದು ಜೋಗುಳವೆಂದು ಅಂದು ತಿಳಿಯಿತು. ಅದರಲ್ಲಿ ಮತ್ತೆ ಮತ್ತೆ ಅಮೀರ ಎಂಬ ಹೆಸರು ಬರುತ್ತಿತ್ತು. ಕರುವಿಗೆ ಆಕೆ ಹೆಸರಿಟ್ಟಿರಲಿಲ್ಲ. ಪಾತ್ರೆ ಹಿಡಿದುಕೊಂಡು ಹಾಗೇ ನಿಂತೆ.