‘ಆ ಹಣಿ ನಂದ್ರಿ, ಅವ್ವಾರ’

ಸವಣೂರಿನಲ್ಲಿ ಇನ್ನೂ ಮೂಡಣ ಕೆಂಪಾಗಿಲ್ಲ. ವಕೀಲ ವಾದಿರಾಜರ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಒಂದು ಮಂಕು ಬಲ್ಬು ಉರಿಯುತ್ತಿದೆ. ಹೆಸರಿಗೆ ಕೊಟ್ಟಿಗೆ, ಒಳಗೆ ದನವೂ ಇಲ್ಲ, ಕರುವೂ ಇಲ್ಲ. ಗೋದಲಿಗೆ ಮೂತಿ ಹಚ್ಚಿಕೊಂಡು ನಿಂತಿರುವುದು ಎರಡೇ ಸೀಟಿನ, ತಂತಿಗಾಲಿಯ ಹಸಿರು ಎಂ.ಜಿ. ಕಾರು. ೧೯೪೮ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಸವಣೂರಿನವರು ಅದಕ್ಕೆ ಇಟ್ಟ ಹೆಸರು ‘ಹಸರ ಮಿಡತಿ’.

ಗುತ್ತೆಪ್ಪ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಾರೆ. ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸಿ, ಒಂದು ಮೊಳದ ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿಯುತ್ತಾರೆ. ಈ ಕಾರಿಗೆ ಕಾರ್ಬ್ಯುರೇಟರ್ ಎರಡು. “ಎರಡೂ ಒಂದ ಸಮ ಉಸರಾಡಬೇಕ್ರಿ. ಒಂದು ದಮ್ಮು ಹತ್ತಿದಂಗ, ಒಂದು ಗೊರಕಿ ಹೊಡದಂಗ ಮಾಡಿದ್ರ ಗಾಡಿ ಮುಂದ ಹೋಗಂಗಿಲ್ರಿ” ಎಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅಷ್ಟರಲ್ಲಿ ಹೆಂಡತಿ ಶಾರವ್ವ ಚಹಾ ತಂದಿಟ್ಟು, ಕಾರಿನ ಕಡೆ ಒಮ್ಮೆ ಸವತಿಯನ್ನು ನೋಡಿದಂತೆ ನೋಡಿ ಒಳಗೆ ಹೋಗುತ್ತಾರೆ.

ಆಮೇಲೆ ನೋಡಬೇಕು. ಹತ್ತಿಮತ್ತೂರಿನ ರಸ್ತೆಯಲ್ಲಿ ಎಲೆಬಳ್ಳಿ ತೋಟಗಳು ಹಿಂದೆ ಬಿದ್ದ ಕೂಡಲೇ ಅರವತ್ತೈದು ವರ್ಷದ ಈ ಮನುಷ್ಯನ ಬರಿಗಾಲು ಒತ್ತುತ್ತದೆ, ವೇಗ ತೋರಿಸುವ ಮುಳ್ಳು ಅರವತ್ತು ಮೈಲಿ ದಾಟುತ್ತದೆ. ನಾಕಾದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿರುವ ಹಜರತಅಲಿ ಮೊದಲ ಸಲ ಕಂಡಾಗ ಕೈಯಲ್ಲಿನ ಬಕೆಟ್ಟು ಬಿಟ್ಟಿದ್ದರಂತೆ. “ಯಾರೋ ಪರದೇಶದಾಂವ ದಾರಿ ತಪ್ಪಿ ಬಂದಾನ ಅಂದ್ಕೊಂಡ್ನಿ. ಹೊಳ್ಳಿ ಬರುವಾಗ ನೋಡಿದ್ರ ನಮ್ಮ ಗುತ್ತೆಪ್ಪಣ್ಣ! ಬನಿಯನ್ ಮ್ಯಾಲ ಕುಂತಾನ, ಕೈ ಎತ್ತಿ ಸಲಾಮ್ ಬ್ಯಾರೆ!” ಹೋಗಿ ಬರಲು ದಿನಕ್ಕೆ ಹದಿನೆಂಟು ಮೈಲಿ. ರಾಶಿ ಕಾಲದಲ್ಲಿ ರೈತರು ರಸ್ತೆಯ ಮೇಲೆ ಹುರುಳಿ ಹರಡಿದ್ದರೆ ಗುತ್ತೆಪ್ಪ ಇಳಿದು, ಕೇಳಿ, ಮೆಲ್ಲಗೆ ಅದರ ಮೇಲೆ ಎರಡು ಸಲ ಹಾಯಿಸಿ ಮುಂದೆ ಹೋಗುತ್ತಾರೆ. ರೇಸಿನ ಕಾರಿನಿಂದ ಹುರುಳಿ ಒಕ್ಕಿಸಿಕೊಂಡ ಜನ ಬೇರೆಲ್ಲೂ ಇರಲಿಕ್ಕಿಲ್ಲ.

ಹೌದು, ರೇಸಿನ ಕಾರು. ಪುಣೆಯಾಚೆ, ಯುದ್ಧಕಾಲದಲ್ಲಿ ಮಾಡಿ ಆಮೇಲೆ ಕೈಬಿಟ್ಟ ವಿಮಾನಪಟ್ಟಿಯೊಂದರಲ್ಲಿ ವರ್ಷಕ್ಕೊಮ್ಮೆ, ಒಂದು ರವಿವಾರ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಓಟ ನಡೆಯುತ್ತದೆ. ಹನ್ನೆರಡು ಸುತ್ತು, ಇಪ್ಪತ್ತರ ಮೇಲೆ ಕಾರು. ಆ ಕಣದಲ್ಲಿ ಆರು ವರ್ಷ ಓಡಿಸಿ ನಾಲ್ಕು ಸಲ ಎಲ್ಲರಿಗಿಂತ ಮೊದಲು ಗೆರೆ ದಾಟಿದವರು ನಮ್ಮ ಗುತ್ತೆಪ್ಪ. ಇದು ಅವರ ಹೆಂಡತಿಗೇ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ?

ಗುತ್ತೆಪ್ಪ ಹಿರೇಕೆರೂರು ತಾಲೂಕಿನ ಮಾಸೂರಿನವರು. ಮದಗದ ಕೆರೆಯ ನೀರುಂಡ ಗದ್ದೆಗಳಲ್ಲಿ ತಂದೆತಾಯಿ ಕೂಲಿ ಮಾಡುತ್ತಿದ್ದರು. ಯುದ್ಧದ ಕಾಲಕ್ಕೆ ಪಲ್ಟನ್ ಸೇರಿ ಬರ್ಮಾದ ಕೆಸರಿನಲ್ಲಿ ಲಾರಿ ಹೊಡೆದರು. ತಿರುಗಿ ಬಂದ ಮೇಲೆ ಒಬ್ಬ ಇಂಗ್ಲಿಷ್ ಇಂಜಿನಿಯರಿಗೆ ಡ್ರೈವರಾದರು. ಆತ ೧೯೫೦ರಲ್ಲಿ ಗಂಟುಮೂಟೆ ಕಟ್ಟಿದಾಗ ಕಾರನ್ನು ಕೊಂಡವರು ಆಗಷ್ಟೇ ಕರಿಕೋಟು ತೊಟ್ಟಿದ್ದ ವಾದಿರಾಜರು. ಮಡಿವಂತ ಮಾಧ್ವರ ಮನೆ. ಹೋಮಹವನದ ಮನೆತನದ ಹುಡುಗನಿಗೆ ಅದು ಹೇಗೋ ಮೋಟಾರಿನ ಹುಚ್ಚು. “ಗಾಡೀ ಕೂಡ ನನ್ನೂ ಒಪ್ಪಿಸಿ ಹೋದ್ರು, ಸ್ಟೆಪ್ನಿ ಇದ್ದಂಗ” ಎಂದು ಗುತ್ತೆಪ್ಪ ನಗುತ್ತಾರೆ. ಅಂದಿನಿಂದ ಶಿಗ್ಗಾಂವಿಯ ಕೋರ್ಟಿರಲಿ, ಹಾನಗಲ್ಲಿನ ಕಕ್ಷಿದಾರರ ಮನೆಯಿರಲಿ, ಎಡಗಡೆ ವಕೀಲ ರಾಯರು, ಬಲಗಡೆ ಗುತ್ತೆಪ್ಪ.

ಪುಣೆಯ ಓಟಕ್ಕೆ ಹೆಸರು ಕೊಟ್ಟವರು ರಾಯರೇ. ಮಾಲೀಕರೇ ಓಡಿಸಬೇಕೆಂಬುದು ಕ್ಲಬ್ಬಿನ ಕಟ್ಟುನಿಟ್ಟು. ೧೯೭೪ರಿಂದ ನಾಲ್ಕು ವರ್ಷ ರಾಯರು ಓಡಿಸಿದರು, ಒಂಬತ್ತನೆಯದಕ್ಕಿಂತ ಮುಂದೆ ಬಂದವರಲ್ಲ. ಐದನೆಯ ವರ್ಷ ಓಟದ ದಿನವೇ ಏಕಾದಶಿ ಬಂತು. ರಾಯರದು ಹನಿ ನೀರಿಲ್ಲದ ಉಪವಾಸ. ಮಧ್ಯಾಹ್ನದ ಬಿಸಿಲಿಗೆ ಡೇರೆಯ ಹಿಂದೆ ಕಣ್ಣು ಕತ್ತಲೆ ಬಂದು ಕುಸಿದರು. ಗುತ್ತೆಪ್ಪ ನೀರಿನ ತಂಬಿಗೆ ತಂದರೆ ತುಟಿ ಬಿಗಿ ಹಿಡಿದರು. ಕಾರುಗಳನ್ನು ಗೆರೆಗೆ ಕರೆಯುತ್ತಿದ್ದಾರೆ. ರಾಯರು ತಮ್ಮ ಕೋಟು, ಚರ್ಮದ ಟೊಪ್ಪಿಗೆ, ಗಾಗಲ್ಸು ಕಳಚಿ ಕೊಟ್ಟು, “ಗುತ್ತೆಪ್ಪ, ಒಂದು ಸುತ್ತು ಹೊಡದು ಹೊಳ್ಳಿ ಬಾ. ಗಾಡಿ ಗೆರೀಗೇ ಬರಲಿಲ್ಲ ಅನಿಸಿಕೊಳ್ಳೋದು ಬ್ಯಾಡ” ಎಂದರು.

ಗುತ್ತೆಪ್ಪ ಒಂದು ಸುತ್ತು ಹೊಡೆಯಲಿಲ್ಲ. ಹನ್ನೆರಡೂ ಹೊಡೆದು ಮೊದಲನೆಯವರಾಗಿ ಬಂದರು.

“ನನಗ ನಿಲ್ಲಸಾಕ ಆಗ್ಲಿಲ್ರಿ. ಇಪ್ಪತ್ತೆಂಟು ವರ್ಷ ಎತ್ತಿನ ಬಂಡಿ ಹಿಂದ ಹಾರ್ನ್ ಹೊಡಕೋತ ಹೋದ ಗಾಡಿ ಅದು. ಅವತ್ತ ಮೊದಲ ಸಲ ಕಾಲು ಪೂರಾ ಒತ್ತಿದ್ನಿ. ಎದಿ ನಂದು ಹೊಡಕೊಳ್ಳಾಕತ್ತಿತ್ತೋ, ಇಂಜಿನ್ನಿಂದೋ, ಗೊತ್ತಾಗ್ಲಿಲ್ಲ.” ಕಾರನ್ನು ನೇರ ಡೇರೆಯ ಹಿಂದಕ್ಕೆ ತಂದರು. ಕೋಟು, ಟೊಪ್ಪಿಗೆ ಮತ್ತೆ ರಾಯರ ಮೈಮೇಲೆ ಹೋದವು. ಬಹುಮಾನದ ಕಪ್ಪನ್ನು ರಾಯರು ಎತ್ತಿ ಹಿಡಿದರು. ಡೇರೆಯ ಹಿಂದೆ ಗುತ್ತೆಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಒಂಬತ್ತನೆಯವರು ಇದ್ದಕ್ಕಿದ್ದಂತೆ ಮೊದಲನೆಯವರಾದರೆ ಊರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲವೇ? ಬರಲಿಲ್ಲ. ರಾಯರ ಪತ್ನಿ ಇಂದಿರಾಬಾಯಿಯವರು ಅದಕ್ಕೆ ಕಾರಣವನ್ನೂ ಕಂಡುಕೊಂಡಿದ್ದರು: ಏಕಾದಶಿಯ ಪುಣ್ಯ. ಗಂಡ ಗೆದ್ದ ಎಂಬುದಕ್ಕಿಂತ, ಹನಿ ನೀರು ಕುಡಿಯದೆ ಗೆದ್ದ ಎಂಬ ಹೆಮ್ಮೆ ಅವರದು. ಬೀಗರ ಮುಂದೆ, ಮಠದಲ್ಲಿ, ಎಲ್ಲ ಕಡೆ ಅದನ್ನೇ ಹೇಳಿದರು. ಆ ಮಾತಿನ ಮುಂದೆ ನಿಜ ಹೇಳಲು ರಾಯರಿಗೆ ಬಾಯಿ ಬರಲಿಲ್ಲ. ಮರುವರ್ಷ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೋಟು ಮತ್ತೆ ಗುತ್ತೆಪ್ಪನವರ ಹೆಗಲಿಗೆ ಬಂತು, ಅಲ್ಲಿಂದ ಮುಂದೆ ಇಳಿಯಲೇ ಇಲ್ಲ.

ವೇಷಕ್ಕೆ ಗುತ್ತೆಪ್ಪ ತಾವೇ ಒಂದು ನಾಜೂಕು ಸೇರಿಸಿದರು. ಧೂಳಿಗೆ ಮೂಗುಬಾಯಿಗೆ ಕರವಸ್ತ್ರ, ಕಣ್ಣಿಗೆ ಗಾಗಲ್ಸು, ತಲೆಗೆ ಟೊಪ್ಪಿಗೆ. ಕಾಣುವುದು ಹಣೆಯೊಂದೇ. ರಾಯರ ಹಣೆಯನ್ನು ಅವರು ಬಗಲಲ್ಲೇ ಕೂತು ದಿನವೂ ನೋಡಿದವರು: ಇದ್ದಿಲಿನಿಂದ ಎಳೆದ ಅಂಗಾರದ ಕಪ್ಪು ಗೀರು, ಅದರ ಕೆಳಗೆ ಅಕ್ಷತೆ ಎನ್ನುವ ಕೆಂಪು ದುಂಡು ಬೊಟ್ಟು. ಓಟಕ್ಕೆ ಮುಂಚೆ ಯಾರಿಗೂ ಹೇಳದೆ ಇದ್ದಿಲು ತೇಯ್ದು ಗೀರು ಎಳೆದುಕೊಳ್ಳುತ್ತಿದ್ದರು, ಎಣ್ಣೆಯಲ್ಲಿ ಕುಂಕುಮ ಕಲಸಿ ಬೊಟ್ಟು ಇಟ್ಟುಕೊಳ್ಳುತ್ತಿದ್ದರು. ಮುಗಿದೊಡನೆ ಚಿಂದಿಯಲ್ಲಿ ಒರೆಸಿಕೊಳ್ಳುತ್ತಿದ್ದರು.

೧೯೮೩ರಲ್ಲಿ ಓಟದ ದಿನ ಮತ್ತೆ ಏಕಾದಶಿ ಬಂತು. ಮಿಡತೆ ಮತ್ತೆ ಗೆದ್ದಿತು. ಈ ಸಲ ಗೆರೆಯಲ್ಲಿ ನಿಂತಾಗ ಪತ್ರಿಕೆಯವರೊಬ್ಬರು ಹತ್ತಿರದಿಂದ ಫೋಟೊ ಹೊಡೆದಿದ್ದರು. ವಾರದ ಮೇಲೆ ಆ ಪತ್ರಿಕೆ ಸವಣೂರಿಗೆ ಬಂತು. ಇಂದಿರಾಬಾಯಿಯವರು ಹಿಗ್ಗಿನಿಂದ ಕನ್ನಡಕ ಹಾಕಿಕೊಂಡು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿತು.

ಆ ಹೊತ್ತಿಗೆ ಗುತ್ತೆಪ್ಪ ಅಂಗಳದಲ್ಲಿ ಗಾಲಿಯ ತಂತಿ ಒರೆಸುತ್ತಿದ್ದರು. ಪಡಸಾಲೆಯಿಂದ ಬಂದ ಮಾತು ಕಿವಿಗೆ ಬಿತ್ತು.

“ಏಕಾದಶಿ ದಿನಾ ನಿಮ್ಮ ಹಣಿಮ್ಯಾಲೆ ಅಕ್ಷತಿ ಯಾಕ ಅದ?”

ಮೂವತ್ತು ವರ್ಷ ಬಗಲಲ್ಲಿ ಕೂತೂ ಗುತ್ತೆಪ್ಪ ಕಾಣದೇ ಹೋದ ಸಂಗತಿ ಅದು. ಏಕಾದಶಿಯ ದಿನ ಕೋರ್ಟಿನ ಓಡಾಟ ಇಟ್ಟುಕೊಳ್ಳದ ರಾಯರು ಮನೆಯಲ್ಲೇ ಉಳಿಯುತ್ತಿದ್ದರು. ಆ ದಿನದ ಹಣೆಯನ್ನು ಗುತ್ತೆಪ್ಪ ಗಮನಿಸಿ ನೋಡಿದ್ದೇ ಇಲ್ಲ. ಮಾಧ್ವರ ಮನೆಯಲ್ಲಿ ಊಟವಿಲ್ಲದ ಆ ದಿನ ಅಂಗಾರದ ಗೀರು ಮಾತ್ರ, ಅಕ್ಷತೆಯ ಬೊಟ್ಟು ಇಲ್ಲ. ಬೊಟ್ಟು ಇದೆಯೆಂದರೆ ಉಂಡಿದ್ದಾರೆ ಎಂದೇ ಅರ್ಥ.

“ಊಟಾ ಮಾಡಿದ್ರಿ? ಹೇಳ್ರಿ. ನಾ ಊರೆಲ್ಲಾ ಹೇಳಿಕೋತ ಅಡ್ಡಾಡೀನಿ, ನಮ್ಮವರು ನೀರು ಸೈತ ಕುಡಿಯಲಿಲ್ಲ ಅಂತ. ದೇವರ ಮುಂದ ಹೇಳೀನಿ!”

ನಿಜ ಹೇಳಿದರೆ ಕ್ಲಬ್ಬಿಗೆ ತಿಳಿಯುತ್ತದೆ, ಗುತ್ತೆಪ್ಪ ಮತ್ತೆ ಆ ಕಣಕ್ಕೆ ಕಾಲಿಡುವಂತಿಲ್ಲ. ಅದು ಅಂಗಳದಲ್ಲಿದ್ದ ಗುತ್ತೆಪ್ಪನವರಿಗೂ ಗೊತ್ತು, ಪಡಸಾಲೆಯಲ್ಲಿದ್ದ ರಾಯರಿಗೂ ಗೊತ್ತು. ಮೂವತ್ತು ವರ್ಷ ಕೋರ್ಟಿನಲ್ಲಿ ವಾದ ಮಾಡಿದ ಮನುಷ್ಯ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡರು. “ಹೌದು. ಮಾಡಿದ್ದೆ. ಹಸಿವಿ ತಡೀಲಿಲ್ಲ.”

ಗುತ್ತೆಪ್ಪ ದಂಗಾದರು. ತಂಬಿಗೆ ಮುಂದೆ ಹಿಡಿದಾಗ ತುಟಿ ಬಿಗಿದ ಮುಖ ಕಣ್ಣಿಗೆ ಬಂತು. “ಎದಿಯಾಗ ಚಾಕು ಹಾಕಿದಂಗ ಆತ್ರಿ. ತಪ್ಪು ನಂದು, ಬೊಟ್ಟು ನಂದು. ಆ ಪುಣ್ಯಾತ್ಮ ಉಣ್ಣದ ಊಟಾ ಉಂಡೇನಿ ಅಂತ ಹೆಂಡ್ತಿ ಮುಂದ ತಲಿ ತಗ್ಗಿಸಿ ಕುಂತಾನ. ನನ್ನ ಒಂದು ಓಟದ ಸಲುವಾಗಿ.”

ಕೈಯಲ್ಲಿನ ಚಿಂದಿ ಹಿಡಿದುಕೊಂಡೇ ಅವರು ಪಡಸಾಲೆಯ ಮೆಟ್ಟಿಲಿಗೆ ಬಂದು ನಿಂತರು.

“ಆ ಹಣಿ ನಂದ್ರಿ, ಅವ್ವಾರ. ರಾಯರು ನೀರು ಸೈತ ಮುಟ್ಟಿಲ್ಲ. ಆರು ವರ್ಷ ಆತು, ಗಾಡಿ ಹೊಡದಾಂವ ನಾನು.”

ಇಂದಿರಾಬಾಯಿ ಮೆಟ್ಟಿಲ ತನಕ ಬಂದರು. ಪತ್ರಿಕೆ ನೋಡಿದರು, ಗುತ್ತೆಪ್ಪನವರನ್ನು ನೋಡಿದರು, ಮತ್ತೆ ಪತ್ರಿಕೆ ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು ಯಾರೂ ಎಣಿಸಿದ್ದಲ್ಲ. “ನಾಕೂ ಸಲ ನೀನs?”

“ಹೂಂನ್ರಿ.”

ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಶಾರವ್ವ ಓಡಿ ಬಂದು ಕೇಳಿದವರು ನಿಂತಲ್ಲೇ ಅತ್ತರು. ಈಗಲೂ ಆ ಸಿಟ್ಟು ಆರಿಲ್ಲ. “ಗಾಡಿ ಒರಸಾಕ ಹೊಂಟಾರ ಅಂತ ತಿಳದು ಆರು ವರ್ಷ ಬುತ್ತಿ ಕಟ್ಟೇನ್ರಿ. ಒರಸಾಕಂತ ಒರಸಾಕ! ಎಪ್ಪತ್ತು ಮೈಲಿ ಸ್ಪೀಡಿಲೆ ಓಡಸಾಕ ಹೋಗಿದ್ರು ಇವ್ರು, ಚಪ್ಪಲಿ ಸೈತ ಇಲ್ಲದ!” ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟಿದ್ದರು.

ಅದೇ ದಿನ ಇಂದಿರಾಬಾಯಿ ಗಂಡನ ಮುಂದೆ ಕಾಗದ, ಪೆನ್ನು ಇಟ್ಟರು. ಸುಳ್ಳಿನ ಕಪ್ಪು ದೇವರ ಮನೆಯ ಪಕ್ಕದ ಕಪಾಟಿನಲ್ಲಿರುವುದು ಬೇಡವೆಂದರು. ರಾಯರು ಎಲ್ಲವನ್ನೂ ಬರೆದರು. ನಾಲ್ಕು ಕಪ್ಪುಗಳನ್ನು ಹಳೆಯ ಧೋತರದಲ್ಲಿ ಸುತ್ತಿ ಪುಣೆಗೆ ಕಳಿಸಿದರು. ಟ್ರಂಕನ್ನು ಬಸ್ಸಿನ ಮೇಲೇರಿಸಿದವರು ಗುತ್ತೆಪ್ಪನವರೇ. ಉತ್ತರ ಬಂತು: ಎರಡು ವರ್ಷ ಈ ಕಾರಿಗೆ ಪ್ರವೇಶವಿಲ್ಲ, ಮಾಲೀಕರೇ ಓಡಿಸಬೇಕೆಂಬ ನಿಯಮದಲ್ಲಿ ಬದಲಿಲ್ಲ.

ಅಂದರೆ ಮುಗಿಯಿತು. ಪೊರೆಗಣ್ಣಿನ ರಾಯರು ಓಡಿಸಲಾರರು, ಗುತ್ತೆಪ್ಪ ಓಡಿಸುವಂತಿಲ್ಲ. ಆದರೂ ಆ ಎರಡು ವರ್ಷದಲ್ಲಿ ಒಂದು ಮುಂಜಾವು ಕೂಡ ಹತ್ತಿಮತ್ತೂರಿನ ರಸ್ತೆ ತಪ್ಪಲಿಲ್ಲ. ಯಾಕೆಂದು ಕೇಳಿದರೆ, “ಗಾಡಿಗೇನು ಗೊತ್ತ್ರಿ ಕ್ಲಬ್ಬಿನ ಕಾಗದ? ದಿನಾ ಉಸರು ಆಡಸದಿದ್ರ ಸತ್ತs ಹೊಕ್ಕೇತಿ” ಎನ್ನುತ್ತಾರೆ. ಹೇಳುವಾಗ ದನಿ ಮಾತ್ರ ಸಣ್ಣದಾಗುತ್ತದೆ. ಕಾರಿನ ಬಗ್ಗೆ ಹೇಳಿದ್ದಲ್ಲ ಅದು.

ಈ ವರ್ಷ, ೧೯೮೬ರಲ್ಲಿ, ಯಾರೂ ಕಾಯದೇ ಇದ್ದ ಕಾಗದ ಬಂತು. ಎಷ್ಟೋ ಮಾಲೀಕರಿಗೆ ವಯಸ್ಸಾಗಿ ಕಾರುಗಳು ಮನೆಯಲ್ಲೇ ನಿಂತಿವೆ, ಇನ್ನು ಡ್ರೈವರನ್ನೂ ಕಳಿಸಬಹುದು, ಆದರೆ ಅವನ ಹೆಸರಿನಲ್ಲೇ. ರಾಯರು ಭೂತಗನ್ನಡಿ ಹಿಡಿದು ಫಾರ್ಮು ತುಂಬಿದರು: ಗುತ್ತೆಪ್ಪ, ಮಾಸೂರು. ಹೊರಡುವ ದಿನ ಗುತ್ತೆಪ್ಪ ಹಣೆಗೆ ಏನು ಹಚ್ಚಿಕೊಳ್ಳಲೆಂದು ತೋಚದೆ ಹಿತ್ತಿಲಲ್ಲಿ ನಿಂತಿದ್ದರಂತೆ. ಇಂದಿರಾಬಾಯಿ ಹೇಳಿದರು: “ನಿನ್ನ ಮನೀ ದೇವರ ಅರಿಷಿಣ ಭಂಡಾರ ಹಚ್ಚಿಕೋ. ಯಾರದೋ ಹಣಿ ಹೊತ್ತುಕೊಂಡು ಅಡ್ಡಾಡಿದ್ದು ಸಾಕು.” ಶಾರವ್ವ ಈ ಸಲ ಗೊತ್ತಿದ್ದೇ ಬುತ್ತಿ ಕಟ್ಟಿದರು.

ಕಣದ ತುಂಬ ಹೊಸ ಕಾಲದ ಹುಡುಗರು, ತಿದ್ದಿ ತೀಡಿದ ಇಂಜಿನ್ನುಗಳು. ಒಂಬತ್ತನೇ ಸುತ್ತಿನಲ್ಲಿ ಮಿಡತೆಗೆ ದಮ್ಮು ಹತ್ತಿತು. ಫೋಟೊದವರು ಗೆದ್ದವರ ಸುತ್ತ ಮುಗಿಬಿದ್ದಿದ್ದರು, ಗುತ್ತೆಪ್ಪನವರ ಕಡೆ ಯಾರೂ ಬರಲಿಲ್ಲ. ಅವರು ಕಾರನ್ನು ಡೇರೆಯ ಹಿಂದಕ್ಕೆ ಒಯ್ಯಲಿಲ್ಲ, ಜನರ ನಡುವೆಯೇ ನಿಲ್ಲಿಸಿ ಗಾಗಲ್ಸು ತೆಗೆದು ಕೆಳಗಿಳಿದರು. ಎದುರಿಗೆ ಕಣ್ಣು ಸರಿಯಾಗಿ ಕಾಣದ ರಾಯರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ ನಿಂತಿದ್ದರು.

ಕ್ಲಬ್ಬಿನವರು ಟೈಪು ಮಾಡಿ ಕಳಿಸಿದ ಫಲಿತಾಂಶದ ಪಟ್ಟಿ ಈಗ ಕೊಟ್ಟಿಗೆಯ ಗೋಡೆಯ ಮೇಲಿದೆ. ಇಂಗ್ಲಿಷ್ ಓದಲು ಬಾರದ ಗುತ್ತೆಪ್ಪ ಬಂದವರಿಗೆಲ್ಲ ನಾಲ್ಕನೆಯ ಸಾಲಿಗೆ ಬೆರಳಿಟ್ಟು ತೋರಿಸುತ್ತಾರೆ. ನಾಲ್ಕು ಸಲ ಮೊದಲು ಬಂದವರಿಗೆ ನಾಲ್ಕನೆಯ ಸ್ಥಾನ ಬೇಸರ ತರಲಿಲ್ಲವೇ ಎಂದು ಕೇಳಿದೆವು. ರಬ್ಬರ್ ನಳಿಗೆಯನ್ನು ಮೊಳೆಗೆ ತೂಗುಹಾಕಿ ಅವರು ಹೇಳಿದ್ದು ಇಷ್ಟು:

“ಮೊದಲು ಬಂದಾವ್ರು ರಾಯರು ನೋಡ್ರಿ. ನಾಕನೇದು ಬಂದಾಂವ ನಾನು.”