ಕಾಫಿ ಕಣದ ರೇವತಕ್ಕನ ತರಗತಿ

ಎರಡು ಸಾವಿರದ ಆರರ ಜನವರಿಯ ಬೆಳಗು, ಐದೂ ಮುಕ್ಕಾಲು. ಬಾಳೂರಿನಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಂದು ಮೈಲಿ ಒಳಗಿರುವ ಎಸ್ಟೇಟಿನ ಕಾಫಿ ಕಣದ ಮೇಲೆ ಟಾರ್ಪಾಲು ಇನ್ನೂ ಹೊದಿಸಿಯೇ ಇದೆ. ಇಬ್ಬನಿ ಆರುವ ತನಕ ಅದನ್ನು ಸರಿಸುವಂತಿಲ್ಲ. ಸರಿಸಿದರೆ ಸಿಪ್ಪೆ ಸುಲಿದು ತೊಳೆದು ಒಣಗಲು ಹರವಿದ ಪಾರ್ಚ್‌ಮೆಂಟು ಮತ್ತೆ ತಣ್ಣಗಾಗುತ್ತದೆ, ಎಸ್ಟೇಟಿನ ಲೆಕ್ಕ ನೋಡುವ ರೈಟರ ತಲೆ ಬಿಸಿಯಾಗುತ್ತದೆ. ಪಕ್ಕದಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಯ ಜಗಲಿಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಗೋಣಿಚೀಲ ಹಾಸಿಕೊಂಡು ಐದು ಮಕ್ಕಳು ಕೂತಿದ್ದಾರೆ. ಒಬ್ಬನ ತಲೆಗೆ ಮಫ್ಲರು, ಇನ್ನೊಬ್ಬಳ ಮೈಮೇಲೆ ಮೊಣಕಾಲು ಮುಟ್ಟುವ ಅಮ್ಮನ ಸ್ವೆಟರು.

ಅವರ ಎದುರು ಕೂತಿರುವ ರೇವತಿಗೆ ಮೂವತ್ತೆಂಟು ವರ್ಷ. ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಆಕೆ ಕಣದ ಆಳು. ಕೂಲಿಕಾರರ ಲೈನ್ ಮನೆಗಳ ಮಕ್ಕಳಿಗೆ ರೇವತಕ್ಕ. ಬುಟ್ಟಿಯಿಂದ ನಾಲ್ಕು ಕಾಫಿ ಬೀಜ ಎತ್ತಿ ಸ್ವೆಟರಿನ ಹುಡುಗಿ ಸೌಂದರ್ಯಳ ಮುಂದೆ ಇಡುತ್ತಾರೆ. ಮೂರು ಕೆಟ್ಟವು, ಒಂದು ಒಳ್ಳೆಯದು. ಹುಡುಗಿಯ ಬೆರಳು ಅಭ್ಯಾಸಬಲದಿಂದ ಕಪ್ಪು ಬೀಜದ ಕಡೆಗೆ ಹೋಗುತ್ತದೆ.

"ಏಯ್, ಅದನ್ನ ಮುಟ್ಟಬೇಡ. ಕೆಟ್ಟದ್ದು ನಿಂಗೆಂತಕ್ಕೆ? ಒಳ್ಳೇದನ್ನ ಎತ್ತಿ ಡಬ್ಬಕ್ಕೆ ಹಾಕು" ಎನ್ನುತ್ತಾರೆ ರೇವತಿ.

ಕಾಫಿ ಕಣ ಕಂಡವರಿಗೆ ಈ ಮಾತು ತಲೆಕೆಳಗಾಗಿ ಕೇಳಿಸುತ್ತದೆ. ಕಣದಲ್ಲಿ ಹೆಂಗಸರು ದಿನವಿಡೀ ಮಾಡುವ ಕೆಲಸವೇ ಕೆಟ್ಟದ್ದನ್ನು ಹೆಕ್ಕುವುದು. ಪಲ್ಪರಿಗೆ ಸಿಕ್ಕಿ ತುಂಡಾದ ಬೀಜ, ಸಿಪ್ಪೆ ಬಿಡದ ಹಣ್ಣು, ಕಪ್ಪಾದ ಬೀಜ ಎಲ್ಲವನ್ನೂ ಆರಿಸಿ ತೆಗೆಯಬೇಕು. ಒಳ್ಳೆಯದನ್ನು ಯಾರೂ ಮುಟ್ಟುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ನಡೆಯಲು ಕಲಿತ ದಿನದಿಂದ ಅಮ್ಮನ ಸೆರಗು ಹಿಡಿದು ಕಣದಲ್ಲಿ ಬೆಳೆದ ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಬಂದ ವಿದ್ಯೆ. ಆ ವಿದ್ಯೆಯನ್ನು ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಮರೆಸುವುದೇ ರೇವತಿಯ ಪಾಠ. ಅದಕ್ಕೆ ಕಾರಣವಾದ ಕಥೆ ಒಂಬತ್ತು ವರ್ಷ ಹಿಂದಿನದು.

ಜಿಲ್ಲೆಯಲ್ಲಿ ಜಾಣ ಮಕ್ಕಳಿಗೆಂದೇ ಇರುವ ಸರ್ಕಾರಿ ವಸತಿ ಶಾಲೆಯೊಂದಿದೆ. ಐದನೇ ಕ್ಲಾಸಿನಲ್ಲಿ ಓದುವಾಗ ಪರೀಕ್ಷೆ ಬರೆದು ಪಾಸಾದರೆ ಆರರಿಂದ ಹತ್ತರವರೆಗೆ ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ಒಳ್ಳೆಯ ಮೇಷ್ಟ್ರು, ಲ್ಯಾಬು, ಆಟದ ಬಯಲು. ತಾಲ್ಲೂಕಿಗೆ ಇರುವುದು ಹನ್ನೆರಡೇ ಸೀಟು, ಬರೆಯುವವರು ನಾನೂರು ಮಂದಿ. ಒಂದು ಮಗುವಿಗೆ ಜನ್ಮದಲ್ಲಿ ಒಂದೇ ಅವಕಾಶ. ಪೇಟೆಯ ಖಾಸಗಿ ಶಾಲೆಗಳು ಈ ಪರೀಕ್ಷೆಗೆಂದೇ ವರ್ಷವಿಡೀ ಕೋಚಿಂಗ್ ನಡೆಸುತ್ತವೆ, ಪಾಸಾದವರ ಫೋಟೊವನ್ನು ಗೇಟಿನ ಮೇಲೆ ತೂಗು ಹಾಕುತ್ತವೆ. ಲೈನ್ ಮನೆಗಳಿಗೆ ಇಂಥದ್ದೊಂದು ಪರೀಕ್ಷೆ ಇದೆ ಎಂಬುದೇ ಗೊತ್ತಿರಲಿಲ್ಲ.

ರೇವತಿಗೆ ಗೊತ್ತಾದದ್ದು ತೊಂಬತ್ತಾರರಲ್ಲಿ. ಮಗಳು ಧನ್ಯಾಳ ಶಾಲೆಗೆ ಯಾವುದೋ ಸಹಿಗೆ ಹೋದಾಗ ಹೆಡ್‌ಮಾಸ್ಟರ್ ಶಿವಯ್ಯನವರ ಮೇಜಿನ ಮೇಲೆ ಖಾಲಿ ಫಾರಮ್ಮುಗಳ ಕಟ್ಟು ಬಿದ್ದಿತ್ತು. ಅದರ ಮೇಲೆ ಟೀ ಲೋಟ ಇಟ್ಟುಕೊಂಡಿದ್ದರಂತೆ ಮೇಷ್ಟ್ರು. "ಇದು ನಮ್ಮ ಮಕ್ಳಿಗಲ್ಲಮ್ಮ, ಪೇಟೆಯವರಿಗೆ" ಎಂದರು. ಕೆಟ್ಟ ಮನುಷ್ಯರಲ್ಲ, ನಾಲ್ಕು ಕ್ಲಾಸನ್ನು ಒಬ್ಬರೇ ಎಳೆಯುತ್ತಿದ್ದ ಬಡಪಾಯಿ. ರೇವತಿ ಲೋಟ ಪಕ್ಕಕ್ಕಿಟ್ಟು ನಾಲ್ಕು ಫಾರಂ ತೆಗೆದುಕೊಂಡರು. ಜೊತೆಗೆ ಒಂದು ಹಳೆಯ ಪ್ರಶ್ನೆಪತ್ರಿಕೆ.

ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮದುವೆಯಾಗಿ ಈ ಎಸ್ಟೇಟಿಗೆ ಬಂದವರು ರೇವತಿ. ಗಂಡ ಗಿರಿ ಎಸ್ಟೇಟ್ ಜೀಪಿನ ಡ್ರೈವರ್. ಅಂದು ಸಂಜೆ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದಾಗ ಆಕೆಗೆ ನಗು ಬಂತಂತೆ. ನಾಲ್ಕು ಚಿತ್ರದಲ್ಲಿ ಬೇರೆ ಯಾವುದು, ಹೊಂದುವುದು ಯಾವುದು, ಅರ್ಧ ಪೇಪರು ಇಂಥದ್ದೇ.

"ಇದು ನಾವು ದಿನಾ ಕಣದಲ್ಲಿ ಮಾಡೋದೇ ಅಲ್ವಾ ಅನ್ನಿಸ್ತು. ಇದಕ್ಕೆ ಕೋಚಿಂಗ್ ಎಂತಕ್ಕೆ, ನಮ್ಮ ಮಕ್ಳು ಕಣ್ಣು ಮುಚ್ಚಿ ಮಾಡ್ತಾವೆ ಅಂದ್ಕೊಂಡೆ" ಎನ್ನುತ್ತಾರೆ.

ಎಸ್ಟೇಟಿನ ಸಾಹುಕಾರ ಪರಮೇಶ್ವರಪ್ಪನವರನ್ನು ಪಾಠಕ್ಕೆ ಜಾಗ ಕೇಳಿದ್ದಕ್ಕೆ, ಹಾಜರಿ ಗಂಟೆಗೆ ಮೊದಲು ಜಗಲಿಯಲ್ಲಿ ಏನು ಬೇಕಾದರೂ ಮಾಡಿಕೋ, ಗಂಟೆ ಹೊಡೆದ ಮೇಲೆ ಮಾತ್ರ ಕಣದಲ್ಲಿ ಇರಬೇಕು ಎಂದರು. ಧನ್ಯಾ ಮತ್ತು ಇನ್ನು ಮೂವರು ಮಕ್ಕಳಿಗೆ ಪಾಠ ಶುರುವಾಯಿತು. ಬೀಜ ಇಟ್ಟು, ಎಲೆ ಇಟ್ಟು, ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಸರಿಯಲ್ಲದ್ದನ್ನು ಹೆಕ್ಕಿ ತೆಗೆಯುವುದನ್ನು ಕಲಿಸಿದರು. ಮಕ್ಕಳು ಎಷ್ಟು ಚುರುಕಾದರೆಂದರೆ ರೇವತಿ ಇಟ್ಟು ಮುಗಿಸುವ ಮೊದಲೇ ಕೆಟ್ಟವು ಮೂರೂ ಹೊರಗೆ ಬಿದ್ದಿರುತ್ತಿದ್ದವು.

ತೊಂಬತ್ತೇಳರ ಫೆಬ್ರವರಿಯ ಒಂದು ಭಾನುವಾರ ಮೂಡಿಗೆರೆಯಲ್ಲಿ ಪರೀಕ್ಷೆ. ನಾಲ್ವರೂ ಕುಣಿಯುತ್ತ ಹೊರಗೆ ಬಂದರು. ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಗಿರಿ ಜೀಪು ನಿಲ್ಲಿಸಿ ಎಲ್ಲರಿಗೂ ಬನ್ನು, ಟೀ ಕೊಡಿಸಿದರು. ಹೇಗೆ ಬರೆದೆ ಎಂದು ರೇವತಿ ಮಗಳನ್ನು ಕೇಳಿದ್ದು ಅಲ್ಲೇ.

"ಸುಲಭ ಇತ್ತಮ್ಮ. ಒಂದೊಂದಕ್ಕೆ ನಾಲ್ಕು ಸೊನ್ನೆ ಕೊಟ್ಟಿದ್ರು. ಕೆಟ್ಟದ್ದು ಮೂರೂ ಕಪ್ಪು ಮಾಡ್ದೆ. ಒಳ್ಳೇದನ್ನ ಹಂಗೇ ಬಿಟ್ಟೆ."

ಉತ್ತರಪತ್ರಿಕೆಯಲ್ಲಿ ಸರಿಯಾದ ಒಂದು ಸೊನ್ನೆಯನ್ನು ಮಾತ್ರ ಕಪ್ಪು ಮಾಡಬೇಕಿತ್ತು. ಉಳಿದ ಮೂವರನ್ನು ಕೇಳಿದರೆ ಅವರದ್ದೂ ಅದೇ ಕಥೆ. ಮಾಡದೆ ಇನ್ನೇನು? ಕಪ್ಪು ಎಂದರೆ ಕೆಟ್ಟ ಬೀಜ, ಕೆಟ್ಟದ್ದನ್ನು ಗುರುತು ಮಾಡು, ಒಳ್ಳೆಯದನ್ನು ಮುಟ್ಟಬೇಡ. ಹುಟ್ಟಿದಾಗಿನಿಂದ ಕಂಡದ್ದು ಅದು, ಆರು ತಿಂಗಳು ಜಗಲಿಯಲ್ಲಿ ಕಲಿತದ್ದೂ ಅದು. ಉತ್ತರಪತ್ರಿಕೆ ಹೇಗಿರುತ್ತದೆ ಎಂಬುದನ್ನು ರೇವತಿ ಕಂಡಿರಲೂ ಇಲ್ಲ, ಯಾರನ್ನೂ ಕೇಳಿರಲೂ ಇಲ್ಲ. ಮಕ್ಕಳಿಗೆ ಪ್ರತಿಯೊಂದು ಉತ್ತರವೂ ಗೊತ್ತಿತ್ತು, ಸಿಕ್ಕಿದ ಅಂಕ ಮಾತ್ರ ಸೊನ್ನೆ.

ಮುಂದಿನದನ್ನು ಹೇಳುವಾಗ ರೇವತಿ ಮುಖ ತಿರುಗಿಸಿ ಟಾರ್ಪಾಲಿನ ಅಂಚು ಸರಿಮಾಡುತ್ತಾರೆ. "ಅಷ್ಟು ಜನರ ಎದುರು ಮಗಳ ಬೆನ್ನಿಗೆ ಒಂದು ಹಾಕ್ಬಿಟ್ಟೆ. ಯಾರು ಹೇಳಿದ್ದು ನಿಂಗೆ ಹಂಗೆ ಮಾಡು ಅಂತ ಕೇಳ್ದೆ. ಹೇಳಿದ್ದು ನಾನೇ ಅಲ್ವಾ? ಅವಳು ಕೈಯಲ್ಲಿದ್ದ ಬನ್ನನ್ನ ತಿನ್ಲೂ ಇಲ್ಲ, ಬಿಸಾಕ್ಲೂ ಇಲ್ಲ, ಮನೆ ತನಕ ಹಿಡ್ಕೊಂಡೇ ಬಂದ್ಲು."

ಅದಾದ ಮೇಲೆ ಯಾರು ಕೇಳಿದರೂ ಧನ್ಯಾ, ತಾನೇ ಗಡಿಬಿಡಿ ಮಾಡಿ ತಪ್ಪು ಬರೆದೆ ಎನ್ನುತ್ತಿದ್ದಳು. ಅಮ್ಮ ಅದನ್ನು ತಿದ್ದಲಿಲ್ಲ. ಒಂದು ವರ್ಷ ಜಗಲಿಯ ಬಲ್ಬು ಉರಿಯಲಿಲ್ಲ. ಕೊನೆಗೆ ಶಿವಯ್ಯ ಮೇಷ್ಟ್ರೇ ಒಂದು ಸಂಜೆ ಲೈನಿಗೆ ಬಂದು ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಮಾದರಿ ಉತ್ತರಪತ್ರಿಕೆ ಇತ್ತು. "ರೇವತಿ, ನಾನು ಫಾರಮ್ಮೇ ಕೊಡ್ಲಿಲ್ಲ. ನೀನು ಪರೀಕ್ಷೆ ಬರೆಸಿದೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಹೇಳು" ಎಂದರಂತೆ. ತೊಂಬತ್ತೊಂಬತ್ತರ ಪರೀಕ್ಷೆಗೆ ತರಗತಿ ಮತ್ತೆ ಶುರುವಾಯಿತು, ಈ ಸಲ ಒಳ್ಳೆಯದನ್ನು ಎತ್ತುವ ಪಾಠದಿಂದ.

ಈಗ ರೇವತಿಯ ದಿನ ಶುರುವಾಗುವುದು ನಾಲ್ಕೂವರೆಗೆ. ಐದೂ ಮುಕ್ಕಾಲಿನಿಂದ ಏಳೂಕಾಲರ ತನಕ ಪಾಠ. ಏಳೂವರೆಗೆ ಹಾಜರಿ. ಆಮೇಲೆ ಸಂಜೆಯ ತನಕ ಬಿಸಿಲಲ್ಲಿ ಗಂಟೆಗೊಮ್ಮೆ ಪಾರ್ಚ್‌ಮೆಂಟು ತಿರುವಿ ಹಾಕಬೇಕು, ಗಾಳಿಯಾಡಲು ಸಾಲು ಎಳೆಯಬೇಕು, ಕೆಟ್ಟದ್ದನ್ನು ಹೆಕ್ಕಬೇಕು. ಕಳೆದ ವರ್ಷದ ತನಕ ಎಂಟು ತಂಡ, ಮೂವತ್ತೆಂಟು ಮಕ್ಕಳು, ಏಳು ಸೀಟು. ಕೋಚಿಂಗಿನ ಮುಖ ನೋಡದ ಒಂದು ಲೈನಿಗೆ ಇದು ಸಣ್ಣ ಲೆಕ್ಕವಲ್ಲ. ಸುದ್ದಿ ಪೇಟೆಗೂ ಮುಟ್ಟಿತು. ಖಾಸಗಿ ಶಾಲೆಯೊಂದರ ಮ್ಯಾನೇಜರ್ ಬಂದು, ನಮ್ಮಲ್ಲಿ ಬಂದು ಪಾಠ ಮಾಡಿ, ಇಲ್ಲಿಯ ಎರಡರಷ್ಟು ಸಂಬಳ ಕೊಡುತ್ತೇವೆ ಎಂದರು. ಲೈನಿನ ಮಕ್ಕಳನ್ನೂ ಕರೆದುಕೊಂಡು ಬರಲಾ ಎಂದು ರೇವತಿ ಕೇಳಿದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೋದ ಮ್ಯಾನೇಜರ್ ಎರಡು ವರ್ಷದಿಂದ ಯೋಚನೆ ಮಾಡುತ್ತಲೇ ಇದ್ದಾರೆ.

ಆದರೂ ಏಳು ಸೀಟು ಎನ್ನುವಾಗ ರೇವತಿಯ ದನಿ ಏರುವುದಿಲ್ಲ. ಏಳೂ ಗಂಡುಮಕ್ಕಳು. ಹೆಣ್ಣುಮಕ್ಕಳೂ ತರಗತಿಗೆ ಬರುತ್ತಾರೆ, ಗಂಡುಮಕ್ಕಳಿಗಿಂತ ಮೊದಲೇ ಬಂದು ಚೀಲ ಹಾಸುತ್ತಾರೆ. ಫಾರಂ ತುಂಬುವ ದಿನ ಬಂದಾಗ ಅಪ್ಪಂದಿರಿಗೆ ಹಾಸ್ಟೆಲಿನ ಭಯ ಹುಟ್ಟುತ್ತದೆ. ಎಂಟು ತಂಡದಲ್ಲಿ ಪರೀಕ್ಷೆ ತನಕ ಬಂದ ಹುಡುಗಿಯರು ನಾಲ್ವರೇ, ಅದರಲ್ಲಿ ಧನ್ಯಾ ಒಬ್ಬಳು. "ಒಂದು ಹೆಣ್ಣುಮಗು ಆ ಗೇಟು ದಾಟಿ ಒಳಗೆ ಹೋಗೋದು ನೋಡ್ಬೇಕು. ಅಲ್ಲಿ ತನಕ ನಾನು ಕಲಿಸಿದ್ದು ಪೂರ್ತಿ ಆಗಲ್ಲ" ಎನ್ನುತ್ತಾರೆ.

ಈ ವರ್ಷ ಆ ಆಸೆಯೆಲ್ಲ ಸೌಂದರ್ಯಳ ಮೇಲೆ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಳ್ಳದ ಹುಡುಗಿ. ಅವಳ ಅಪ್ಪ ಗುರುವಯ್ಯ ತೋಟದಲ್ಲಿ ಮರಗಸಿ ಮಾಡುವವರು. ಎಷ್ಟು ಎತ್ತರದ ಸಿಲ್ವರ್ ಮರವನ್ನಾದರೂ ಹತ್ತಿ ಕೊಂಬೆ ಕಡಿಯುವ ಈ ಮನುಷ್ಯ ಫಾರಂ ಕಂಡರೆ ನಡುಗುತ್ತಿದ್ದರು. ರೇವತಿ ಮೂರು ಸಂಜೆ ಅವರ ಮನೆಗೆ ಹೋಗಿ ಕೂತರು.

"ಹೆಣ್ಣು ಹುಡುಗಿ ರೇವತಕ್ಕ. ಜ್ವರ ಬಂದ್ರೆ ಯಾರು ನೋಡ್ತಾರೆ? ನಮ್ಗೆ ಗೊತ್ತಾಗೋದೇ ನಾಲ್ಕು ದಿನ ಬಿಟ್ಟು" ಎಂದರು ಗುರುವಯ್ಯ.

"ಅಲ್ಲಿ ನರ್ಸು ಇದಾರೆ. ಇಲ್ಲಿ ಯಾರಿದಾರೆ ಹೇಳು ಗುರುವಯ್ಯ?"

ಗುರುವಯ್ಯ ಸಹಿ ಮಾತ್ರ ಹಾಕಲಿಲ್ಲ. ಮೂರನೇ ಸಂಜೆ ಒಲೆ ಮುಂದೆ ಕೂತಿದ್ದ ಹೆಂಡತಿ ತಂಗಮ್ಮ ಎದ್ದು ಬಂದು, ತಾಯಿ ಸಹಿ ನಡೆಯುತ್ತದಾ ಎಂದು ಕೇಳಿದರು. ನಡೆಯುತ್ತದೆ ಎಂದದ್ದೇ ತಡ, ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.  ಫೆಬ್ರವರಿಯಲ್ಲಿ ಪರೀಕ್ಷೆಯ ಭಾನುವಾರ ಬೆಳಿಗ್ಗೆ ಗಿರಿ ಜೀಪಿನ ಹತ್ತಿರ ಹೋದರೆ, ಇಸ್ತ್ರಿ ಅಂಗಿ ಹಾಕಿಕೊಂಡು, ತೊಡೆ ಮೇಲೆ ಬುತ್ತಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಎಲ್ಲರಿಗಿಂತ ಮೊದಲು ಕೂತಿದ್ದವರು ಗುರುವಯ್ಯ. ರೋಬಸ್ಟಾ ಕಾಫಿ ಕುಯ್ಲಿನ ಭರಾಟೆಯಲ್ಲಿ ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು. 

ವಾಪಸು ಬರುವಾಗ ಕೊಟ್ಟಿಗೆಹಾರದಲ್ಲಿ ಮಾಮೂಲಿನಂತೆ ಜೀಪು ನಿಂತಿತು. ಹೇಗೆ ಬರೆದೆ ಎಂದು ರೇವತಿ ಕೇಳಲಿಲ್ಲ. ಒಂಬತ್ತು ವರ್ಷದಿಂದ ಅಲ್ಲಿ ಯಾವ ಮಗುವನ್ನೂ ಆಕೆ ಕೇಳಿಲ್ಲ.

ಜೂನ್ ಮೊದಲ ವಾರ ಫಲಿತಾಂಶ. ಮಳೆ ಹಿಡಿದು, ಕಣ ಖಾಲಿಯಾಗಿ, ರೇವತಿಗೆ ಗೊಬ್ಬರದ ಕೆಲಸ. ಅರ್ಧ ದಿನ ರಜೆ ಕೇಳಿ, ಕೊಡೆ ಹಿಡಿದು ಮೂಡಿಗೆರೆ ಬಸ್ಸು ಹತ್ತಿದರು. ಶಿಕ್ಷಣ ಇಲಾಖೆಯ ಕಚೇರಿಯ ಗೋಡೆಗೆ ಅಂಟಿಸಿದ ಪಟ್ಟಿಯ ಎದುರು ಪೇಟೆಯ ತಂದೆ ತಾಯಂದಿರು ಮುತ್ತಿಕೊಂಡಿದ್ದರು. ಅವರ ಹಿಂದೆ ನಿಂತು ಕಾದು, ಜಾಗ ಆದ ಮೇಲೆ ಹತ್ತಿರ ಹೋದರು. ಹನ್ನೆರಡು ನಂಬರುಗಳಲ್ಲಿ ಒಂಬತ್ತನೆಯದು ಕೈಯಲ್ಲಿದ್ದ ಚೀಟಿಯಲ್ಲಿನ ಸೌಂದರ್ಯಳ ನಂಬರೇ. ನಂಬಿಕೆ ಬಾರದೆ ಪಕ್ಕದಲ್ಲಿದ್ದ ಅಪರಿಚಿತರೊಬ್ಬರಿಗೆ ಚೀಟಿ ಕೊಟ್ಟು ಓದಿಸಿದರು. ಅವರೂ ಅದನ್ನೇ ಓದಿದರು. ಹೆಸರಿನ ಮುಂದೆ ಹೆಣ್ಣು ಎಂದು ಬರೆದಿತ್ತು.

ಲೈನಿಗೆ ಸುದ್ದಿ ಮುಟ್ಟಿದಾಗ ಗುರುವಯ್ಯ ಮಳೆಯಲ್ಲೇ ಬಂದು ಕೇಳಿದ್ದು ಒಂದೇ ಮಾತು, ಟ್ರಂಕು ಎಷ್ಟು ದೊಡ್ಡದು ಬೇಕು ಎಂದು. ಮೂರನೇ ಕ್ಲಾಸಿನ ಚಿಕ್ಕ ಮಗಳನ್ನು ಯಾವಾಗಿನಿಂದ ಜಗಲಿಗೆ ಕಳಿಸಲಿ ಎಂದು ತಂಗಮ್ಮ ಕೇಳಿದ್ದಾರೆ.

ಆದರೆ ರೇವತಿ ಆ ಸುದ್ದಿಯನ್ನು ಮೊದಲು ಹೇಳಿದ್ದು ಅವರಿಬ್ಬರಿಗಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಕಾಯಿನ್ ಬೂತಿನಿಂದ ಚಿಕ್ಕಮಗಳೂರಿನ ಹುಡುಗಿಯರ ಹಾಸ್ಟೆಲಿಗೆ ಫೋನು ಮಾಡಿದರು. ಮೂಡಿಗೆರೆಯಲ್ಲಿ ಪಿಯುಸಿ ಮುಗಿಸಿದ ಧನ್ಯಾ ಈಗ ಅಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ. ವಾರ್ಡನ್ ಕರೆದು, ಅವಳು ಓಡಿ ಬಂದು ಫೋನು ಹಿಡಿಯುವಷ್ಟರಲ್ಲಿ ಎರಡು ಕಾಯಿನ್ ಖರ್ಚಾಗಿತ್ತು.

"ಸೌಂದರ್ಯಂಗೆ ಸೀಟ್ ಬಂತು ಕಣೇ ಅಂದೆ. ಅವಳು ಕಿರುಚಿದ್ದು ಬಸ್ ಸ್ಟ್ಯಾಂಡಿಗೇ ಕೇಳಿರ್ಬೇಕು. ಆಮೇಲೆ ನಂಗೇ ಗೊತ್ತಿಲ್ಲದಂಗೆ ಬಾಯಿಗೆ ಬಂತು. ಅವತ್ತು ತಪ್ಪು ನಿಂದಲ್ಲ ಧನ್ಯಾ, ನಂದು, ಹೊಡೀಬಾರ್ದಿತ್ತು ಅಂದೆ.  ಕಾಯಿನ್ ಮುಗೀತೇನೋ ಅಂತ ಇನ್ನೊಂದು ಹಾಕ್ದೆ."

ತೋಟದಲ್ಲಿ ನಿಂತು ಇದನ್ನು ಹೇಳುತ್ತ ರೇವತಿ ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಳ್ಳುತ್ತಾರೆ. ಆಮೇಲೆ ನಗುತ್ತಾರೆ.

"ಮತ್ತೆ ನಗಾಡಿದ್ಲು. 'ಅಷ್ಟು ಹೇಳೋಕೆ ಒಂದು ಹುಡುಗಿ ಪಾಸಾಗ್ಬೇಕಿತ್ತಾ ಅಮ್ಮ?' ಅಂದ್ಲು. ಹೌದು ಮಾರಾಯ್ತಿ, ಆಗ್ಬೇಕಿತ್ತು ಅಂದೆ."