ಕಾವಲಿನಲ್ಲಿ ಒಡೆದ ಕಾಯಿ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕೊರೆಯುವ ಲಾರಿ ಬಂತೆಂದರೆ ಒಂದೇ ಅರ್ಥ, ನೀರು. ಹಾಗಾಗಿ ಹೋದ ವರ್ಷ ಊರ ಪಕ್ಕದ ಕಾವಲಿಗೆ, ಅಂದರೆ ನಮ್ಮ ಕುರಿ ಮೇಯುವ ಹುಲ್ಲುಗಾವಲಿಗೆ, ಅಂಥದೊಂದು ಲಾರಿ ನುಗ್ಗಿದಾಗ ಯಾರೂ ಏನೂ ಕೇಳಲಿಲ್ಲ. ಕುರಿ, ದನಕ್ಕೆ ಸರ್ಕಾರ ಬೋರು ಕೊರೆಸುತ್ತಿದೆ ಎಂದುಕೊಂಡು ಅವ್ವ ಅರಿಶಿನ, ಕುಂಕುಮ, ಕಾಯಿ ಹಿಡಿದು ಓಡಿದಳು. ಕೊರೆಯುವ ಜಾಗಕ್ಕೆ ಪೂಜೆ ಮಾಡಿ ಕಾಯಿ ಒಡೆದಳು. ಲಾರಿಯವರಿಗೆಲ್ಲ ಸಕ್ಕರೆ ಹಂಚಿದಳು. ಜೊತೆಗೆ ಬಂದಿದ್ದ ಸಾಹೇಬರೊಬ್ಬರು ಫೋಟೊ ತೆಗೆದರು. ಅವ್ವ ಸೆರಗು ಸರಿಮಾಡಿಕೊಂಡು ನಿಂತಳು ಬೇರೆ!

ಬೋರು ನಮಗೆ ಬಿಡಲಿಲ್ಲ. ಒಳಗಿನಿಂದ ತೆಗೆದ ಉದ್ದುದ್ದ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟರು. ಅವರು ಹುಡುಕುತ್ತಿದ್ದುದು ಯುರೇನಿಯಂ ಎಂದು ತಿಳಿದದ್ದು ಚಳ್ಳಕೆರೆಯಲ್ಲಿ ಕರೆದ ಸಭೆಯಲ್ಲಿ. ಕಾವಲಿನ ಒಂದು ಭಾಗಕ್ಕೆ ಆಗಲೇ ಬೇಲಿ ಬಿದ್ದಿತ್ತು. ಉಳಿದದ್ದೂ ಗಣಿಗೆ ಹೋದರೆ ನಮ್ಮ ಕುರಿ ಎಲ್ಲಿ ಮೇಯಬೇಕು, ಅಲ್ಲಿರುವ ಕೃಷ್ಣಮೃಗಗಳು ಎಲ್ಲಿಗೆ ಹೋಗಬೇಕು ಎಂದು ಕೇಳಿದೆವು. ಅದೇ ಸಾಹೇಬರು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಫೋಟೊ ಬಿಟ್ಟರು. ಕಾಯಿ ಹಿಡಿದ ಅವ್ವ! "ನೀವೇ ಪೂಜೆ ಮಾಡಿ ಬರಮಾಡಿಕೊಂಡಿದ್ದೀರಲ್ಲಮ್ಮ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನೀರಿಗೆ ಅಂತ ಮಾಡಿದ ಪೂಜೆ ಸಾರ್ ಅದು, ನಿಮ್ಮ ಗಣಿಗಲ್ಲ" ಎಂದು ಕೂಗಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವ್ವ ತಲೆ ಎತ್ತಲಿಲ್ಲ.

ಅವತ್ತಿನಿಂದ ಅವಳು ಒಂದು ಕಡೆ ಕೂತವಳಲ್ಲ. ಊಟದ ನಡುವೆ ಎದ್ದು ಕಾವಲಿನ ಕಡೆ ನೋಡಿ ಬರುತ್ತಾಳೆ. ಲಾರಿ ಸದ್ದಾದರೆ ಸಾಕು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ.

"ಈರುಳ್ಳಿ ಲಾರಿ ಕಣವ್ವ ಅದು, ಬಾ."

"ನಾನೇ ಕರ್ದು ಕೂರಿಸ್ದೆ ಕಣೇ. ನನ್ನ ಕೈ ಸೇದೋಗ!"

ಅವಳನ್ನು ನೋಡಿ ನೋಡಿ ನನಗೂ ನೆಮ್ಮದಿ ಇಲ್ಲದಂತಾಯಿತು.

ಈ ಬೇಸಿಗೆಯಲ್ಲಿ ಕೊರೆಯುವ ಲಾರಿ ಮತ್ತೆ ಬಂತು. ಅವ್ವ ಒಂದು ಕಾಯಿ ಎತ್ತಿಕೊಂಡು ಹೊರಟೇಬಿಟ್ಟಳು. "ಮತ್ತೆ ಕಾಯಾ? ಬುದ್ಧಿ ಐತೇನವ್ವ ನಿಂಗೆ?" ಎಂದು ಬೈಯುತ್ತಾ ಹಿಂದೆ ಓಡಿದೆ. ಅವಳು ಕೊರೆಯುವ ಗುರುತಿಗೆಂದು ಅವರು ಕೆಂಪು ಬಾವುಟ ನೆಟ್ಟ ಜಾಗಕ್ಕೆ ಹೋಗಿ, ಕಾಯಿ ಮಡಿಲಲ್ಲಿಟ್ಟುಕೊಂಡು ಕೂತಳು. ಊರಿನ ಹೆಂಗಸರೂ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತರು.

ಡ್ರೈವರ್ ಆಂಧ್ರದವನು. ಕಾಯಿ ಕಂಡು ಅವನಿಗೆ ಖುಷಿ. "ಕೊಬ್ಬರಿಕಾಯ ಕೊಟ್ಟಂಡಮ್ಮಾ" ಅಂದ, ಕಾಯಿ ಒಡೆಯಿರಮ್ಮ ಅಂತ. ಕಾಯಿ ಒಡೆದರೆ ಕೆಲಸ ಶುರು ಮಾಡಬಹುದಲ್ಲ! ಅವ್ವನ ತವರು ಆಂಧ್ರದ ಗಡಿಗಿರುವ ಮೊಳಕಾಲ್ಮುರು ಕಡೆ, ಅವಳಿಗೆ ತೆಲುಗು ಗೊತ್ತು. ಆದರೂ ಕನ್ನಡದಲ್ಲೇ ಹೇಳಿದಳು:

"ಒಡಿತೀನಿ ಕಣಪ್ಪ. ಮೊದ್ಲು ನಿನ್ನ ಲಾರಿ ಕಾವಲು ದಾಟ್ಲಿ."

ಸಂಜೆಗೆ ಲಾರಿ ತಿರುಗಿಸಿದರು. ಪೊಲೀಸರನ್ನು ಕರೆದುಕೊಂಡು ಬರುತ್ತೇವೆ ಎಂದು ಹೇಳಿಯೇ ಹೋದರು. ಬಾವುಟಗಳನ್ನು ಕೀಳಲಿಲ್ಲ.

ಕಾಯಿ ತಿಂಗಳುಗಟ್ಟಲೆಯಿಂದ ನಮ್ಮ ಗೋಡೆಯ ಗೂಡಿನಲ್ಲಿದೆ. ಮೊನ್ನೆ ಚಟ್ನಿಗೆಂದು ತೆಗೆದು ಅಲ್ಲಾಡಿಸಿದೆ. ನೀರೆಲ್ಲ ಬತ್ತಿ, ಒಳಗೆ ಕೊಬ್ಬರಿ ಲೊಡಲೊಡ ಅಂತು.

"ಅಲ್ಲೇ ಇಡು" ಅಂದಳು ಅವ್ವ. "ಬಾವುಟ ಹಂಗೇ ಐತೆ, ಅವ್ರು ಇನ್ನೂ ಹೋಗಿಲ್ಲ."